ಮೊದಲ ಸಾಲಿನಲ್ಲಿ ಅತ್ತೆ

ಯುವರಾಜ ಮಾಡಿದ ತಪ್ಪು ಒಂದೇ. ಜಾಝ್ ಕಾರ್ಯಕ್ರಮಕ್ಕೆ ಬಂದ ಅತ್ತೆಯನ್ನು ಮೊದಲ ಸಾಲಿನ ಕುರ್ಚಿಯಲ್ಲಿ ಕೂಡಿಸಿದ. ಕೊನೆಯ ಸಾಲಿಗೆ ಕಳಿಸಿದ್ದರೆ ವೇದಿಕೆ ಮುಟ್ಟುವಷ್ಟರಲ್ಲಿ ಅವಳಿಗೆ ಮೊಣಕಾಲಾದರೂ ಹಿಡಿಯುತ್ತಿತ್ತು.

ಅತ್ತೆ ಅನಸವ್ವನ ಬನಹಟ್ಟಿಯ ಮನೆಯಲ್ಲಿ ಮನುಷ್ಯರಿಗಿಂತ ಪವರ್‌ಲೂಮ್ ಮಗ್ಗಗಳೇ ಹೆಚ್ಚು. ಹಗಲೆಲ್ಲ ಖಟಖಟ, ಖಟಖಟ. ಗೋಡೆ ನಡುಗುವ ಆ ಸದ್ದಿನಲ್ಲಿ ಅನಸವ್ವ ತೊಟ್ಟಿಲ ಕೂಸಿನಂತೆ ನಿದ್ದೆ ಮಾಡುತ್ತಿದ್ದಳು. ಆದರೆ ಒಂದೇ ಒಂದು ಮಗ್ಗ ನಿಂತರೂ ಥಟ್ಟನೆ ಎದ್ದು ಕೂಡುತ್ತಿದ್ದಳು. "ಯಾವ ಮಗ್ಗ ನಿಂತೈತಲೇ? ಎಳಿ ಹರದೈತೇನ?" ಎಂದು ಅವಳು ಕೂಗಿದರೆ ಪಕ್ಕದೂರು ತೇರದಾಳದ ಬಸ್ ಸ್ಟ್ಯಾಂಡಿನಲ್ಲಿ ಕೂತವರೂ ಬಸ್ಸು ಬಂತೆಂದು ಎದ್ದು ನಿಲ್ಲುತ್ತಿದ್ದರು.

ಯುವರಾಜ ಆ ಮನೆಯ ಮನೆಯಳಿಯ. ಹೆಂಡತಿ ಸುವರ್ಣಾ ಒಳ್ಳೆಯವಳೇ. ಆದರೆ ಮನೆ ಅತ್ತೆಯದು, ರೊಟ್ಟಿ ಅತ್ತೆಯದು, ಟಿವಿಯ ರಿಮೋಟೂ ಅತ್ತೆಯದು. ಅವನದೆಂದು ಅಲ್ಲಿದ್ದದ್ದು ಒಂದು ಸ್ಯಾಕ್ಸೋಫೋನ್. ಅದನ್ನು ಊದಿದರೆ ಸಾಕು, ಅಡುಗೆಮನೆಯಿಂದ ದನಿ ಬರುತ್ತಿತ್ತು. "ಅಳಿಯಾರ, ಎಮ್ಮಿ ಈಯಾಕತ್ತೈತೇನ್ರಿ?"

ಫೋನಿನಲ್ಲಿ ನೋಡಿ ನೋಡಿ ಜಾಝ್ ಕಲಿತ ಯುವರಾಜ ಇನ್ನಿಬ್ಬರನ್ನು ಕೂಡಿಸಿಕೊಂಡಿದ್ದ. ಡ್ರಮ್ಮಿಗೆ ಗಂಗಾರಾಮ: ಮದುವೆ ಮೆರವಣಿಗೆಗಳಲ್ಲಿ ಬಾರಿಸಿ ಬಾರಿಸಿ ಮುಧೋಳದ ಅರ್ಧದಷ್ಟು ಕುದುರೆಗಳನ್ನು ಕಿವುಡು ಮಾಡಿದವನು. ಕೀಬೋರ್ಡಿಗೆ ಈಶ್ವರ: ಊರೂರಿನ ಶಾಲೆಗಳ ವಾರ್ಷಿಕ ಗ್ಯಾದರಿಂಗಿನಲ್ಲಿ ಮಕ್ಕಳ ಕುಣಿತಕ್ಕೆ ನುಡಿಸಿ ಬೆರಳು ಸವೆಸಿಕೊಂಡವನು.

ಇವತ್ತು ಜಮಖಂಡಿಯಲ್ಲಿ ಶಂಕರೆಪ್ಪನ ಹೊಸ ಮಂಗಲ ಕಾರ್ಯಾಲಯದ, ಅಂದರೆ ಮದುವೆ ಛತ್ರದ, ಉದ್ಘಾಟನೆ. ಇವರ ಬಾಜಾ ಕೇಳಲೆಂದೇ ಗೋವಾದ ದೊಡ್ಡ ಹೋಟೆಲಿನ ಮ್ಯಾನೇಜರು, ಬೆಳಗಾವಿ ಕಡೆಯ ಸಿದ್ದಾರ್ಥ, ಬಂದು ಕೂತಿದ್ದ. ಅವನು ಹೂಂ ಎಂದರೆ ಗೋವಾದಲ್ಲಿ ನೌಕರಿ.

"ಸುವರ್ಣಾ, ಇವತ್ತೊಂದು ದಾಟಿದ್ವಿ ಅಂದ್ರ ನಮ್ಮದ ಮನಿ, ನಮ್ಮದ ಒಲಿ. ಯಾರ ಹಂಗೂ ಇಲ್ಲ" ಎಂದ ಯುವರಾಜ.

"ಸಾವಕಾಶ ಮಾತಾಡ್ರಿ. ಅವ್ವನ ಕಿವಿ ಜಮಖಂಡಿಗೂ ಬಂದಾವು" ಎಂದಳು ಸುವರ್ಣಾ.

ಬಾಜಾ ಶುರುವಾಯಿತು. ಸ್ವರ ಹಿಡಿಯುವಷ್ಟರಲ್ಲೇ ಶಂಕರೆಪ್ಪ ಸತ್ಕಾರ ಮಾಡಲು ವೇದಿಕೆ ಹತ್ತಿದ. "ನೀವು ನುಡಸ್ರಿ, ನಾ ನನ್ನ ಕೆಲಸ ಮಾಡ್ತೇನಿ" ಎಂದು ಗಂಗಾರಾಮನ ತಲೆಗೆ ರುಮಾಲು ಸುತ್ತಿದ. ಅದು ಜಾರಿ ಅವನ ಕಣ್ಣು ಮುಚ್ಚಿತು. ಯುವರಾಜನಿಗೆ ಹಾಕಿದ ಹಾರ ಸ್ಯಾಕ್ಸೋಫೋನಿನ ಬಾಯಿಯೊಳಗೆ ಇಳಿಯಿತು. ಊದಿದಾಗೊಮ್ಮೆ ಚೆಂಡು ಹೂವುಗಳು ಮೇಲೆ ಹಾರಿ, ಮುಂದೆ ಕೂತವರ ತಲೆಯ ಮೇಲೆ ಮದುವೆಯ ಅಕ್ಷತೆಯಂತೆ ಬಿದ್ದವು. ಜನ ಕೈ ಜೋಡಿಸಿದರು.

ಇಷ್ಟಾದರೂ ಯುವರಾಜ ಎದೆಗುಂದಲಿಲ್ಲ. ಜಾಝಿನ ಪದ್ಧತಿಯಂತೆ ಅವನೊಬ್ಬನೇ ನುಡಿಸುವ ಸರದಿ ಬಂತು. ಗಂಗಾರಾಮ, ಈಶ್ವರ ಇಬ್ಬರೂ ಕೈ ಕಟ್ಟಿ ಕೂತರು. ಯುವರಾಜ ಕಣ್ಣು ಮುಚ್ಚಿ ಎತ್ತರದ ಸ್ವರ ಹಿಡಿದ.

ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅನಸವ್ವ ಥಟ್ಟನೆ ಎದ್ದಳು. ಖಟಖಟ ನಿಂತಿದೆ! ಸೆರಗು ನಡುವಿಗೆ ಬಿಗಿದು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತಳು.

"ಏ ಗಂಗಾರಾಮ! ಕೈಗೆ ಲಕ್ವಾ ಹೊಡದೈತೇನ? ನಮ್ಮ ಅಳಿಯ ಒಬ್ಬಾವ ಕುತಗಿ ನರಾ ಹರಕೊಂಡು ಸಾಯಾಕತ್ತಾನ, ನೀವಿಬ್ರೂ ಬೀಗರ ಮನ್ಯಾಗ ಕುಂತಂಗ ಕುಂತೀರಲ್ಲಾ!"

"ಅತ್ತಿ, ಇದು ಹಿಂಗ ಇರತೈತ್ರಿ" ಎಂದು ಯುವರಾಜ ಪಿಸುಗುಟ್ಟಿದ. "ಒಬ್ಬಾವ ನುಡಸೂ ಮುಂದ ಉಳದಾವ್ರು ಸುಮ್ಮ ಇರಬೇಕ್ರಿ."

"ಹೌದೌದು! ಉಣ್ಣೂ ಮುಂದ ಮಾತ್ರ ಮೂರೂ ಮಂದಿ ಕೂಡೇ ಕುಂಡರತೀರಿ!"

ಗಂಗಾರಾಮ ಹೆದರಿ ರುಮಾಲಿನೊಳಗಿಂದಲೇ ಡ್ರಮ್ಮು ಕುಟ್ಟಿದ. ಈಗ ಅವನ ಸರದಿ ಎಂದು ಯುವರಾಜ ಸ್ಯಾಕ್ಸೋಫೋನ್ ಕೆಳಗಿಳಿಸಿದ.

"ಈಗ ನೀವ್ಯಾಕ ನಿಂತ್ರಿ, ಅಳಿಯಾರ? ಊದ್ರಿ! ಏ ಈಶ್ವರ, ಒತ್ತಲೇ! ಹಲ್ಲು ತಗದು ಏನ ನೋಡಾಕತ್ತಿ? ಹಾಂ! ಹೊಡಿ! ಖಟ್ ಖಟ್, ಖಟಾಖಟ್! ಊದ್ರಿ! ಒತ್ತು! ಹೊಡಿ! ಹಾಂ!"

ಅವಳು ಮೂವರ ನಡುವೆ ಮಗ್ಗದ ಲಾಳಿಯಂತೆ ಓಡಾಡಿದಳು. ಅವಳ ದನಿ ಮುಚ್ಚಲೆಂದು ಯುವರಾಜ ಜೋರಾಗಿ ಊದಿದ. ಅವಳು ಅದಕ್ಕಿಂತ ಮೇಲೆ ಹೋದಳು. ಬೈಗುಳಕ್ಕೆ ತಾಳ ಕೂಡಿತು, ತಾಳಕ್ಕೆ ಬೈಗುಳ ಕೂಡಿತು. ಜನ ಕುರ್ಚಿ ಹತ್ತಿ ಸೀಟಿ ಹೊಡೆದರು. ಊರಾಚೆ ಚಿಕ್ಕಪಡಸಲಗಿಯ ಬ್ಯಾರೇಜಿನಲ್ಲಿ ಮೀನುಗಳೂ ಕುಣಿದವೆಂದು ಆಮೇಲೆ ಸುದ್ದಿ.

ಬಾಜಾ ನಿಂತಾಗ ಯುವರಾಜನ ಮುಖ ಹಿಂಡಿದ ನಿಂಬೆಹಣ್ಣಾಗಿತ್ತು. ಗೋವಾ ಹೋಯಿತು, ಎಲ್ಲಾ ಹೋಯಿತು. ಅಷ್ಟರಲ್ಲಿ ಸಿದ್ದಾರ್ಥ ಓಡಿ ಬಂದ.

"ಹದಿನಾರು ಆಣೆ ಜಾಝ್ ಅಂದ್ರ ಇದು! ಈ ಹಾಡೂ ಬಾಯೇರು ಎಲ್ಲಿದ್ರು ಇಷ್ಟು ದಿನಾ?"

"ಅವ್ರು ಹಾಡಾಕಿ ಅಲ್ರೀ ಸರ್, ನಮ್ಮ ಅತ್ತಿ."

"ಯಾರರೆ ಇರಲಿ. ಅವ್ರು ಬಂದ್ರ ನಾಕೂ ಮಂದಿಗೆ ನೌಕರಿ. ಬರಲಿಲ್ಲಂದ್ರ ಯಾರಿಗೂ ಇಲ್ಲ."

ಅನಸವ್ವ ಮೂಗು ಮುರಿದಳು. "ಮಗ್ಗ ಬಿಟ್ಟು ನಾ ಯಾಕ ಬರ್ಲಿ? ನನಗೇನ್ ಹುಚ್ಚ ಹಿಡದೈತಿ?"

ಗಂಗಾರಾಮ ಯುವರಾಜನ ಪಕ್ಕೆಗೆ ತಿವಿದ. ಈಶ್ವರ ಬೆನ್ನಿಗೆ ತಿವಿದ. ಯಾರಿಂದ ಬಿಡಿಸಿಕೊಳ್ಳಲು ಗೋವಾಕ್ಕೆ ಹೊರಟಿದ್ದನೋ, ಅವಳ ಕಾಲನ್ನೇ ಯುವರಾಜ ಎರಡೂ ಕೈಯಲ್ಲಿ ಹಿಡಿದ.

"ಇಲ್ಲ ಅನಬ್ಯಾಡ್ರಿ ಅತ್ತಿ. ನಿಮ್ಮ ಕಾಲಿಗೆ ಬೀಳ್ತೇನಿ, ಬರ್ರಿ!"

ಲಗ್ನದಲ್ಲೂ ಇಷ್ಟು ಬಾಗಿರದ ಅಳಿಯನನ್ನು ಕಂಡು ಅನಸವ್ವ ಕರಗಿದಳು. "ಆತೇಳ್ರಿ. ಮಗ್ಗ ಭಾಡಿಗಿಗೆ ಕೊಟ್ಟು ಬರ್ತೇನಿ."

ಯುವರಾಜ ಧೂಳು ಕೊಡವಿಕೊಂಡು ಎದ್ದ. ಇರಲಿ, ಅತ್ತೆ ಬಂದರೇನು, ಬೇರೆ ಮನೆಯಂತೂ ಆಗುತ್ತದಲ್ಲ! "ಸರ್, ನಮಗೆ ಇರಾಕ ಮನಿ ಕೊಡ್ತೀರಲ್ರೀ?"

"ಭಾಳ ಛಲೋ ಮನಿ ಐತಿ, ಸಮುದ್ರದ ಮುಂದ! ಆದ್ರ ನಮ್ಮಲ್ಲಿ ಮನಿ ಅಂದ್ರ ಹಾಡಾವ್ರಿಗೆ ಅಷ್ಟ. ಬಾಜಾ ಬಾರಸಾವ್ರು ಖೋಲಿ ಹುಡಕೋಬೇಕು. ಸೀಜನ್‌ದಾಗ ಖೋಲಿ ಸಿಗೂದ ಇಲ್ಲ ಬಿಡ್ರಿ."

ಅನಸವ್ವ ಅಳಿಯನ ಹೆಗಲ ಮೇಲೆ ಕೈಯಿಟ್ಟಳು.

"ಅದಕ್ಯಾಕ ಮಾರಿ ಸಣ್ಣ ಮಾಡ್ತೀರಿ, ಅಳಿಯಾರ? ನಮ್ಮ ಮನ್ಯಾಗ ಇರ್ರಿ!"