ನೆಲ ಮುಟ್ಟದ ಸ್ಟೆಪ್ನಿ ಮಹಾಶಯರಿಗೆ

ನಮ್ಮ ಟ್ರೇಲರಿನ ಬೆನ್ನ ಮೇಲೆ, ನಗುವ ಸೂರ್ಯನ ಚಿತ್ರವಿರುವ ಹೊದಿಕೆಯೊಳಗೆ ಇಷ್ಟು ವರ್ಷ ವಿರಾಜಮಾನರಾಗಿದ್ದ ಮಾನ್ಯ ಸ್ಟೆಪ್ನಿ ಮಹಾಶಯರೇ,

ಸವಿನಯ ವಂದನೆಗಳು. ತಾವು ಈಗ ಎರಡು ತುಂಡಾಗಿದ್ದರೂ ಎರಡೂ ತುಂಡುಗಳು ಕ್ಷೇಮವೆಂದು ಭಾವಿಸುತ್ತೇನೆ. ಈ ಪತ್ರದ ಒಂದು ಪ್ರತಿಯನ್ನು ಅರಿಜೋನಾದ ನಮ್ಮ ಕ್ಯಾಂಪಿನಲ್ಲಿ ಬಟ್ಟೆ ಒಗೆಯುವ ಕೋಣೆಯ ಗೋಡೆಗೂ ಅಂಟಿಸಿದ್ದೇನೆ. ಚಳಿಗಾಲ ಕಳೆಯಲು ಚಕ್ರದ ಮೇಲೆ ಮನೆ ಎಳೆದುಕೊಂಡು ಬರುವ ನಮ್ಮಂಥವರೆಲ್ಲ ತಮ್ಮ ಸಾಧನೆಯನ್ನು ತಿಳಿಯಲಿ ಎಂಬುದಷ್ಟೇ ಉದ್ದೇಶ.

ನನ್ನ ಪರಿಚಯ ತಮಗಿದೆ. ಉತ್ತರ ಡಕೋಟಾದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಾರು ಓಡಿಸಲು ಕಲಿಸಿ ನಿವೃತ್ತನಾದವನು. ಮೊದಲ ಹಿಮ ಬೀಳುವ ಮುನ್ನ ಪಿಕಪ್ಪಿಗೆ ಟ್ರೇಲರ್ ಕಟ್ಟಿ, ಪಕ್ಕದಲ್ಲಿ ಹೆಂಡತಿ ಲವಾನ್‌ಳನ್ನು ಕೂರಿಸಿಕೊಂಡು ದಕ್ಷಿಣಕ್ಕೆ ಇಳಿಯುವುದು ನಮ್ಮ ಪದ್ಧತಿ. ಹೊರಡುವ ದಿನ ಟ್ರೇಲರಿನ ನಾಲ್ಕೂ ಟೈರುಗಳ ಗೆರೆಯೊಳಗೆ ಒಂದು ಸೆಂಟಿನ ನಾಣ್ಯವನ್ನು ತಲೆಕೆಳಗಾಗಿ ತೂರಿಸಿ, ಅದರ ಮೇಲಿನ ಅಧ್ಯಕ್ಷರ ತಲೆ ಮುಳುಗಿದ್ದು ಕಂಡರೆ, ಅಂದರೆ ಗೆರೆ ಇನ್ನೂ ಸವೆದಿಲ್ಲವೆಂದು ಗೊತ್ತಾದರೆ, 'ಇನ್ನೊಂದು ವರ್ಷ ಬರುತ್ತೆ' ಎಂದು ಘೋಷಿಸುವುದು ನನ್ನ ಪದ್ಧತಿ. ಟ್ರೇಲರಿನ ಟೈರು ಸವೆದು ಸಾಯುವುದಕ್ಕಿಂತ ಹೆಚ್ಚಾಗಿ ನಿಂತಲ್ಲೇ ಮುದಿಯಾಗಿ ಸಾಯುತ್ತದೆ ಎಂದು ಲವಾನ್ ಎಲ್ಲೋ ಓದಿ ಹೇಳಿದ್ದಳು. ಸ್ವತಃ ಅಧ್ಯಕ್ಷರೇ ಒಪ್ಪಿಗೆ ಕೊಟ್ಟಿರುವಾಗ ಹೆಂಡತಿಯ ಮಾತು ಕೇಳುವ ಅಗತ್ಯ ನನಗೆ ಕಾಣಲಿಲ್ಲ.

ಹೀಗಿರಲು ಈ ಸಲ ಅರಿಜೋನಾದ ಹೆದ್ದಾರಿಯಲ್ಲಿ ಟ್ರೇಲರಿನ ಎಡಗಡೆಯ ಹಿಂದಿನ ಟೈರು ಸಿಡಿಯಿತು. ನಾನು ಧೃತಿಗೆಡಲಿಲ್ಲ, ಏಕೆಂದರೆ ತಾವಿದ್ದಿರಿ. ಹೊದಿಕೆ ಸರಿಸಿದರೆ ಎಂಥ ಕಾಂತಿ! ಮೈಮೇಲಿನ ರಬ್ಬರಿನ ಎಳೆಗೂದಲು ಕೂಡ ಉದುರಿರಲಿಲ್ಲ. ತಾವು ಹುಟ್ಟಿದ ವಾರ, ವರ್ಷದ ಅಚ್ಚೊತ್ತಿದ ಅಂಕಿಗಳು ಒಳಮೈ ಕಡೆ ಇದ್ದವು. ಅವನ್ನೊಮ್ಮೆ ನೋಡಬಾರದೇ ಎಂದು ಲವಾನ್ ಕೇಳಿದಳು. ನೆಲವನ್ನೇ ಮುಟ್ಟದವರಿಗೆ ವಯಸ್ಸು ಎಲ್ಲಿಂದ ಬರಬೇಕು ಎಂದು ತಮ್ಮ ಪರವಾಗಿ ನಾನೇ ವಾದಿಸಿ, ತಮ್ಮನ್ನು ಗೌರವದಿಂದ ಜೋಡಿಸಿದೆ.

ತಾವು ನನ್ನ ವಾದವನ್ನು ಫ್ಲಾಸ್ಕಿನ ಕಾಫಿ ಮುಗಿಯುವವರೆಗೂ ಎತ್ತಿಹಿಡಿಯಲಿಲ್ಲ. ಸಿಡಿದದ್ದಲ್ಲದೆ, ಬಿಚ್ಚಿಕೊಂಡ ತಮ್ಮ ಮೈಯ ಪಟ್ಟಿ ಟ್ರೇಲರಿನ ತಳವನ್ನು ಬಡಿದು ಹರಿದು, ಗ್ಯಾಸ್ ಕೊಳವೆಯನ್ನು ಬಗ್ಗಿಸಿ, ಅಡುಗೆಮನೆಯ ಕೆಳಗಿನ ಕಪಾಟಿಗೇ ನುಗ್ಗಿ, ಲವಾನ್ ಬೇಸಿಗೆಯಲ್ಲಿ ಕಾಡುಚೆರಿ ಆರಿಸಿ ಮಾಡಿದ್ದ ಜೆಲ್ಲಿಯ ಬಾಟಲಿಗಳನ್ನು ಒಂದೂ ಬಿಡದೆ ಒಡೆದುಹಾಕಿತು. ಟ್ರೇಲರ್ ಪಕ್ಕದ ಸಾಲಿಗೆ ಹೊಯ್ದಾಡಿತು, ಒಂದು ಲಾರಿ ನಮ್ಮನ್ನು ಸವರಿಕೊಂಡೇ ಹೋಯಿತು. ನನಗೆ ವಿಪರೀತ ಹೆದರಿಕೆಯಾಯಿತು. ಇದನ್ನು ತಮಗಲ್ಲದೆ ಬೇರಾರಿಗೂ ಹೇಳಿಲ್ಲ, ಗೋಡೆಗೆ ಅಂಟಿಸಿದ್ದನ್ನು ಬಿಟ್ಟರೆ.

ರಸ್ತೆ ಬದಿಯಲ್ಲಿ ಮೊಣಕಾಲೂರಿ ಜೆಲ್ಲಿ ಒರೆಸುತ್ತಿದ್ದ ಲವಾನ್ ತಲೆಯೆತ್ತದೆ ಹೇಳಿದಳು: "ನಂಗೆ ರಸ್ತೆ ಅಂದ್ರೆ ಭಯ ಇಲ್ಲ, ಆರ್ವಿಡ್. ನೀನು ಪ್ರತಿ ಸಲ 'ಇನ್ನೊಂದು ವರ್ಷ ಬರುತ್ತೆ' ಅಂತೀಯಲ್ಲ, ಅದಕ್ಕೆ ಭಯ. ಟೈರು ಆರಿಸೋದು ನಾನು. ಆಗಲ್ಲ ಅಂದ್ರೆ ಟ್ರೇಲರ್ ಮಾರಿಬಿಡು, ನಾನು ವಿಮಾನದಲ್ಲಿ ಬರ್ತೀನಿ, ಒಬ್ಬಳೇ."

ಉಳಿದ ಮೂರು ಚಕ್ರಗಳ ಮೇಲೆ ಕುಂಟುತ್ತಾ ಕ್ಯಾಂಪು ಸೇರಿದೆವು. ಇಲ್ಲಿ ಜಾಕ್ ಎತ್ತುವುದೆಂದರೆ ಊರಿಗೆಲ್ಲ ಆಮಂತ್ರಣ ಕೊಟ್ಟಂತೆ. ಮಡಚುವ ಕುರ್ಚಿ, ಕಾಫಿ ಲೋಟಗಳ ಸಮೇತ ಗಂಡಸರೆಲ್ಲ ಬಂದು ಕೂತರು. ಟ್ರೇಲರಿಗೆಂದೇ ಮಾಡಿದ ಟೈರು ಶುದ್ಧ ಮೋಸ, ಪಿಕಪ್ಪಿನ ಟೈರನ್ನೇ ಹಾಕು ಎಂದರು ಡೆಲ್ಬರ್ಟ್. ಅದರ ಪಕ್ಕೆ ಮೆತ್ತಗೆ, ಟ್ರೇಲರ್ ತೊನೆದಾಡುತ್ತದೆ ಎಂದರು ಮರ್ಲ್. ಇಬ್ಬರೂ ಅಂದಿನಿಂದ ಕ್ಯಾಂಪಿನ ಸಾಮೂಹಿಕ ಊಟಕ್ಕೆ ಬೇರೆ ಬೇರೆ ಮೇಜಿನಲ್ಲಿ ಕೂರುತ್ತಿದ್ದಾರೆ. ಟೈರು ಆರಿಸುವುದು ನಾನಲ್ಲ ಎಂದು ಅವರಿಗೆ ತಿಳಿಸುವ ಧೈರ್ಯ ನನಗೆ ಬರಲಿಲ್ಲ.

ಲವಾನ್ ಯಾರನ್ನೂ ಕೇಳಲಿಲ್ಲ. ತಳಕ್ಕೆ ತೇಪೆ ಹಾಕಿಸಿ, ಎರವಲು ಚಕ್ರ ಕಟ್ಟಿಸಿ, ನೀರು, ಪಾತ್ರೆ, ನನ್ನ ಸಲಕರಣೆ ಪೆಟ್ಟಿಗೆ ಎಲ್ಲ ತುಂಬಿಕೊಂಡೇ ಟ್ರೇಲರನ್ನು ತೂಕಕ್ಕೆ ಒಯ್ದಳು. ಎಡಗಡೆಯೇ ಭಾರವೆಂದೂ, ಭಾರ ನನ್ನ ಪೆಟ್ಟಿಗೆಯದೆಂದೂ ತಿಳಿಯಿತು. ಆ ಭಾರಕ್ಕಿಂತ ಒಂದು ದರ್ಜೆ ಗಟ್ಟಿಯಾದ ಟ್ರೇಲರ್ ಟೈರನ್ನೇ ಆರಿಸಿ, ಅಂಗಡಿಯ ನೆಲದ ಮೇಲೆ ಮಲಗಿ ಒಂದೊಂದರ ಹುಟ್ಟಿದ ವರ್ಷ ಓದಿ, ಗೋದಾಮಿನಲ್ಲಿ ಹಳಸಿದ್ದನ್ನು ವಾಪಸು ಕಳಿಸಿ, ಕೊನೆಗೆ ಐದು ಕೊಂಡಳು. ನೆಲದ ಮೇಲಿರುವುದು ನಾಲ್ಕೇ ಅಲ್ಲವೇ ಎಂದು ನಿವೇದಿಸಿದೆ. ಅವಳು ನನ್ನ ಮುಖ ನೋಡಿದಳು. ನಿವೇದನೆಯನ್ನು ಹಿಂತೆಗೆದುಕೊಂಡೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಅಲ್ಪ ಬೇಡಿಕೆಗಳು ಇಷ್ಟೇ. ತಮ್ಮ ಕುಲದವರು ಮುಪ್ಪಾದಾಗ ತಾವೇ ಬಾಯಿಬಿಟ್ಟು ವಯಸ್ಸು ಹೇಳಬೇಕು. ಕನಿಷ್ಠ ಒಂದು ಕೆಮ್ಮಾದರೂ ಕೆಮ್ಮಬೇಕು. ಸಿಡಿಯಲೇಬೇಕಾದರೆ ನೆರಳಿರುವಲ್ಲಿ, ಒಳ್ಳೆಯ ಹಣ್ಣಿನ ಪೈ ತಿನ್ನಲು ಸಿಗುವ ಹೋಟೆಲಿನ ಎದುರು, ಹೆಂಡತಿ ನಿದ್ದೆಯಲ್ಲಿರುವಾಗ ಸಿಡಿಯಬೇಕು. ಹಾಗೂ ನಡೆದದ್ದರಲ್ಲಿ ತಪ್ಪೆಲ್ಲ ತಮ್ಮದೇ ಎಂದು ಲವಾನ್‌ಳಿಗೆ ಎರಡು ಸಾಲು ಬರೆಯಬೇಕು. ನಾನು ಹೇಳಿದರೆ ಅವಳು ನಂಬುತ್ತಿಲ್ಲ.

ತಮ್ಮ ಕಾಂತಿಗೆ ಮರುಳಾದ,
ತಮ್ಮ ವಿಶ್ವಾಸಿ,
ಆರ್ವಿಡ್ ಟಾಫ್ಟೆ

ತಾ.ಕ.: ಟ್ರೇಲರ್ ಮಾರಲಿಲ್ಲ. ಆದರೆ ವಸಂತದಲ್ಲಿ ಊರಿಗೆ ಹಿಂತಿರುಗುವಾಗ ಓಡಿಸುವವಳು ಲವಾನ್. ಬೇಕಾದೀತು, ಇರಲಿ ಎಂದು ನನ್ನನ್ನೂ ಪಕ್ಕದ ಸೀಟಿನಲ್ಲಿ ಕರೆದೊಯ್ಯಲು ಒಪ್ಪಿದ್ದಾಳೆ. ಒಪ್ಪುವ ಮುನ್ನ ನಾನು ಹುಟ್ಟಿದ ವರ್ಷ ಕೇಳಿದಳು. ಅದು ಅವಳಿಗೆ ಮದುವೆಯಾದಾಗಿನಿಂದ ಗೊತ್ತು. ನಾನೇ ಬಾಯಿಬಿಟ್ಟು ಹೇಳಬೇಕಿತ್ತಂತೆ.