ಪ್ರೀಮಿಯಂ ಟೂರಿನ ವಿರುದ್ಧ ನನ್ನ ಒಂದು ದಿನದ ಹೋರಾಟ

ಪ್ರಾಣ ಹೋದರೂ ಸರಿ, ಬಾವುಟ ಹಿಡಿದುಕೊಂಡು ಮುಂದೆ ಮುಂದೆ ನಡೆಯುವವರಿಗೆ ನಾನು ದುಡ್ಡು ಕೊಡುವುದಿಲ್ಲ! ಹೀಗೆಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ಪಕ್ಕದ ಮನೆಯವರು ತಕ್ಷಣ ಟಿ.ವಿ. ಸದ್ದು ಕಡಿಮೆ ಮಾಡಿದರು. ಅವರಿಗೆ ನಮ್ಮ ಮನೆಯ ಕಾರ್ಯಕ್ರಮವೇ ಹೆಚ್ಚು ಇಷ್ಟ.

ಇಷ್ಟಕ್ಕೆಲ್ಲ ಕಾರಣ, ಹೆಂಡತಿ ಮೇಜಿನ ಮೇಲೆ ಹರಡಿದ್ದ ಒಂದು ಹೊಳೆಯುವ ಕಾಗದ. 'ಕುಟುಂಬಗಳಿಗಾಗಿ ಪ್ರೀಮಿಯಂ ಸಮುದ್ರತೀರ ಪ್ರವಾಸ. ಏಳು ದಿನ. ಜೊತೆಯಲ್ಲಿ ಅನುಭವಿ ಗೈಡ್. ನೀವು ಏನೂ ಯೋಚಿಸಬೇಕಿಲ್ಲ!' ಕೆಳಗೊಂದು ಮೊತ್ತ. ಅಷ್ಟು ದುಡ್ಡಿದ್ದರೆ ಮೂರು ಮಹಡಿಯ ಮನೆಗೆ ತಳದಿಂದ ತಾರಸಿಯವರೆಗೆ ಹೊಸ ಪೈಪು ಎಳೆದು, ಮಿಕ್ಕಿದ್ದರಲ್ಲಿ ಗೀಸರನ್ನೂ ಕೂರಿಸಬಲ್ಲೆ. ನಾನು ಪ್ಲಂಬರ್. ಏಳನೇ ಕ್ಲಾಸಿಗೇ ಶಾಲೆಗೂ ನನಗೂ ಲೈನ್ ಕಟ್ ಆಯಿತು, ನಿಜ. ಆದರೆ ಗೋಡೆಗೆ ಕಿವಿಯಿಟ್ಟು ಒಳಗೆ ಪೈಪು ಯಾವ ಕಡೆ ಓಡುತ್ತಿದೆ ಎಂದು ಹೇಳುತ್ತೇನೆ. ಇಂಥವನಿಗೆ ದಾರಿ ತೋರಿಸಲು ಇನ್ನೊಬ್ಬರೇ?

"ಏನೂ ಯೋಚಿಸಬೇಕಿಲ್ಲವಂತೆ! ಯೋಚನೆ ಮಾಡೋನು ಯಾವನಾದ್ರೂ ಇಷ್ಟು ದುಡ್ಡು ಕೊಡ್ತಾನೇನೇ?"

"ರೀ, ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು. ಇಲ್ಲೀತನಕ ನೀವು ನನಗೆ ತೋರಿಸಿರೋ ದೊಡ್ಡ ನೀರು ಅಂದ್ರೆ ಮಹಡಿ ಮೇಲಿನ ಟ್ಯಾಂಕಿಂದು."

"ಸಮುದ್ರ ಎಲ್ಲೂ ಓಡಿಹೋಗಲ್ಲ. ನಾನೇ ಕರ್ಕೊಂಡು ಹೋಗ್ತೀನಿ."

"ಸಮುದ್ರ ಹೋಗಲ್ಲ ಅಳಿಯಂದ್ರೇ, ನನ್ನ ಮಂಡಿ ಹೋಗುತ್ತೆ," ಎಂದರು ಒಳಕೋಣೆಯಿಂದ ಅತ್ತೆ.

ಕಾನೂನು ಓದುತ್ತಿರುವ ಮಗಳು ತಟ್ಟೆಯಿಂದ ತಲೆಯೆತ್ತಿದಳು. ಅವಳಿಗೆ ಫೀಸು ಕಟ್ಟಿ ಕಟ್ಟಿ ನಾನು ಸಾಕಿಕೊಂಡಿರುವುದು ನನ್ನ ವಿರೋಧಿ ವಕೀಲರನ್ನೇ.

"ಅಪ್ಪಾ, ಕೂಗಾಟ ಬೇಡ, ಪುರಾವೆ ಕೊಡು. ಇವತ್ತು ಒಂದಿನ ನೀನೇ ಗೈಡ್ ಆಗು. ಯಾರೂ ಕಳೆದುಹೋಗಬಾರದು. ನೀನು ಯಾರ ಮೇಲೂ ರೇಗಬಾರದು. ಗೆದ್ರೆ ಅಮ್ಮ ಆ ಕಾಗದ ಹರಿದು ಹಾಕ್ತಾಳೆ, ಸಮುದ್ರದ ಮಾತೇ ಎತ್ತಲ್ಲ. ಸೋತ್ರೆ ನಾಳೆ ಬೆಳಿಗ್ಗೆ ನೀನೇ ಹೋಗಿ ದುಡ್ಡು ಕಟ್ಟಬೇಕು."

ಹೆಂಡತಿ ಕಾಗದದಲ್ಲಿದ್ದ ಸಮುದ್ರದ ಮೇಲೆ ಬಿದ್ದಿದ್ದ ಟೀ ಹನಿಯನ್ನು ಬೆರಳಿನಿಂದ ಒರೆಸಿದಳು.

"ಒಪ್ಪಿದೆ!" ಎಂದೆ. ಸಾಮ್ರಾಜ್ಯಗಳು ಹೀಗೆಯೇ ಮುಳುಗಿರಬೇಕು.

ಪೈಪಿನ ಜಿಡ್ಡು ಒರೆಸುವ ಕೆಂಪು ಬಟ್ಟೆಯನ್ನು ಕೊಡೆಯ ತುದಿಗೆ ಕಟ್ಟಿ ಬಾವುಟ ಮಾಡಿಕೊಂಡೆ. ಮೂವರನ್ನೂ ಬಸ್ಸು ಹತ್ತಿಸಿ ದೊಡ್ಡ ಮ್ಯೂಸಿಯಂಗೆ ಕರೆತಂದೆ. ಫೋನುಗಳನ್ನು ಬಾಗಿಲಲ್ಲೇ ಕೊಟ್ಟು ಹೋಗಬೇಕೆಂಬ ನಿಯಮ, ಕೊಟ್ಟೆವು. ಪಕ್ಕದಲ್ಲೇ ಒಂದು ಪ್ರೀಮಿಯಂ ತಂಡ ನಿಂತಿತ್ತು. ನಲವತ್ತು ತಲೆ, ನಲವತ್ತು ಹಳದಿ ಟೋಪಿ, ಮುಂದೆ ಬಾವುಟ, ಮೈಕು ಹಿಡಿದ ಗೈಡ್ ಹೆಣ್ಣುಮಗಳು.

"ನೋಡಿ, ದುಡ್ಡು ಕೊಟ್ಟು ಕುರಿಗಳಾಗಿದ್ದಾರೆ," ಎಂದೆ.

"ಕುರಿಗಳಿಗೆ ಕುಡಿಯೋಕೆ ಜ್ಯೂಸ್ ಕೊಟ್ಟಿದ್ದಾರೆ," ಎಂದರು ಅತ್ತೆ.

ಒಳಗೆ ಮೊದಲಿಗೇ ಸಿಂಹಾಸನ. ನಾನು ಗಂಟಲು ಸರಿಮಾಡಿಕೊಂಡೆ.

"ಇದು ಸಿಂಹಾಸನ. ಇದರ ಮೇಲೆ ರಾಜ ಕೂತ್ಕೋತಿದ್ದ."

"ಯಾವ ರಾಜ ಅಪ್ಪಾ?"

"ಕೂತ್ಕೊಂಡವನು!"

ತಿರುಗಿ ನೋಡುತ್ತೇನೆ, ನನ್ನ ಮೂವರು ಪ್ರವಾಸಿಗರೂ ಹಳದಿ ಟೋಪಿಗಳ ಕಡೆಗೆ ಕತ್ತು ಚಾಚಿ ಆ ಹುಡುಗಿಯ ವಿವರಣೆ ಕೇಳುತ್ತಿದ್ದಾರೆ!  ರೇಗುವಂತಿಲ್ಲವಲ್ಲ, ಸಿಟ್ಟನ್ನು ನುಂಗಿಕೊಂಡೆ.

ಆಗ ಕೇಳಿಸಿತು. ಗೋಡೆಯಾಚೆ ಎಲ್ಲೋ, ಟಪ್... ಟಪ್... ಟಪ್.

ಓದುಗರೇ, ನಲ್ಲೆಯನ್ನು ಬಿಟ್ಟು ಇರಬಲ್ಲೆ, ಸೋರುವ ನಲ್ಲಿಯನ್ನು ಬಿಟ್ಟು ಇರಲಾರೆ! "ಐದೇ ನಿಮಿಷ, ಇಲ್ಲೇ ಇರಿ," ಎಂದು ಸದ್ದಿನ ಜಾಡು ಹಿಡಿದೆ. ಶೌಚಾಲಯದ ಮೂರನೇ ನಲ್ಲಿ, ಸವೆದುಹೋದ ವಾಷರ್. ಹೊಸ ವಾಷರ್, ಪುಟ್ಟದೊಂದು ಸ್ಪ್ಯಾನರ್ ನನ್ನ ಜೇಬಿನಲ್ಲಿ ಯಾವಾಗಲೂ ಇರುತ್ತವೆ, ಬೇರೆಯವರ ಜೇಬಿನಲ್ಲಿ ಬಾಚಣಿಗೆ ಇರುವ ಹಾಗೆ. ಪೈಪಿಗೆ ಕಿವಿಯಿಡುತ್ತಾ ಹೋಗಿ, ಯಾವುದೋ ಮೆಟ್ಟಿಲ ಕೆಳಗಿದ್ದ ಮೇನ್ ವಾಲ್ವ್ ಹುಡುಕಿ ಮುಚ್ಚಿದೆ. ಮುಚ್ಚಿದ ಮೇಲೆ ಅದರ ಹಿಡಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಇದು ನಮ್ಮ ಕಸುಬಿನ ಮೊದಲ ಪಾಠ. ಹಿಡಿ ಅಲ್ಲೇ ಬಿಟ್ಟರೆ ಯಾವನೋ ಮಹಾನುಭಾವ ಬಂದು ತಿರುಗಿಸುತ್ತಾನೆ, ನೀರೆಲ್ಲ ನಮ್ಮ ಮುಖಕ್ಕೆ!

ವಾಷರ್ ಬದಲಾಯಿತು. ಒಂದು ಹನಿ ಇಲ್ಲ! ಸರ್ಕಾರ ನನಗೆ ಶಾಲು ಹೊದಿಸಬೇಕು ಎಂದುಕೊಂಡು ವಾಲ್ವ್ ತೆರೆಯಲು ಹೊರಟೆ.

ಯಾವ ಮೆಟ್ಟಿಲು? ಎಲ್ಲಿ ನೋಡಿದರೂ ಒಂದೇ ಥರದ ಮೆಟ್ಟಿಲು, ಒಂದೇ ಥರದ ಉದ್ದನೆಯ ಪಡಸಾಲೆ, ಎರಡೂ ಬದಿಗೆ ತಲೆಯಿಲ್ಲದ ಶಿಲ್ಪಗಳು. ಗುರುತಿಟ್ಟುಕೊಳ್ಳೋಣವೆಂದರೆ ಒಂದಕ್ಕೂ ಮುಖವಿಲ್ಲ! ಗೋಡೆಗೆ ಕಿವಿಯಿಟ್ಟೆ. ನಿಶ್ಶಬ್ದ. ನೀರು ಹರಿದರೆ ತಾನೇ ಪೈಪು ಮಾತಾಡುವುದು? ನಿಲ್ಲಿಸಿದವನು ನಾನೇ!

ಅರ್ಧ ಗಂಟೆ ಸುತ್ತಿದೆ. ಸಿಂಹಾಸನವೂ ಸಿಗಲಿಲ್ಲ. ಕೊನೆಗೆ ಎದುರಿಗೆ ಹಳದಿ ಟೋಪಿಗಳ ಸೈನ್ಯ ನುಗ್ಗಿ ಬಂತು. ಎಲ್ಲರ ಕೈತುಂಬ ಸೋಪಿನ ನೊರೆ, ಒಬ್ಬ ಹಿರಿಯರ ಮುಖದ ತುಂಬ. ಅವರು ಕಣ್ಣು ಮುಚ್ಚಿಕೊಂಡೇ "ನೀರು ನಿಲ್ಲಿಸಿದ ಪಾಪಿ ಯಾರು?" ಎಂದು ಕೇಳುತ್ತಿದ್ದರು. ನಾನು ಒಂದು ಶಿಲ್ಪದ ಪಕ್ಕ ಶಿಲ್ಪದಂತೆ ನಿಂತೆ. ತಲೆಯಿದ್ದದ್ದೇ ತಪ್ಪಾಯಿತು.

"ಸರ್, ದಾರಿ ತಪ್ಪಿದ್ದೀರಾ?" ಗೈಡ್ ಮೆತ್ತಗೆ ಕೇಳಿದಳು.

"ದಾರಿ ತಪ್ಪೋದಾ? ನಾನಾ? ಏನಮ್ಮಾ, ನನ್ನ ಮುಖ ನೋಡಿದ್ರೆ ನಿನಗೆ ಹಾಗನ್ಸುತ್ತಾ?" ಇಡೀ ಪಡಸಾಲೆ ಗುಡುಗಿತು. ರೇಗಬಾರದೆಂಬ ಷರತ್ತು ಅಲ್ಲಿಗೆ ನೆಗೆದುಬಿತ್ತು. ಆಗಲೇ ತಲೆಯ ಮೇಲಿನ ಧ್ವನಿವರ್ಧಕ ಕರಕರ ಎಂದಿತು.

"ದಯವಿಟ್ಟು ಗಮನಿಸಿ. ಕೆಂಪು ಬಟ್ಟೆ ಕಟ್ಟಿದ ಕೊಡೆ ಹಿಡಿದಿರುವ ಗೈಡ್ ಒಬ್ಬರು ಕಾಣೆಯಾಗಿದ್ದಾರೆ. ಅವರ ಪ್ರವಾಸಿಗರು ಮೂವರೂ ಕ್ಷೇಮ. ಸಿಕ್ಕಿದವರು ಅವರನ್ನು ಮುಖ್ಯದ್ವಾರಕ್ಕೆ ತಲುಪಿಸಬೇಕಾಗಿ ಕೋರಿಕೆ. ಕಟ್ಟಡದ ವಾಲ್ವಿನ ಹಿಡಿ ಅವರ ಜೇಬಿನಲ್ಲಿ ಇರಬಹುದೆಂದು ಅವರ ಪತ್ನಿ ತಿಳಿಸಿದ್ದಾರೆ."

ನಲವತ್ತು ಟೋಪಿಗಳು ನನ್ನ ಕೊಡೆಯತ್ತ ತಿರುಗಿದವು. ನೊರೆ ಮುಖದ ಹಿರಿಯರು ಮಾತ್ರ ಗೋಡೆಯತ್ತ ತಿರುಗಿದರು, ಪಾಪ.

"ಬನ್ನಿ ಸರ್, ನನ್ನ ಹಿಂದೇನೇ ಬನ್ನಿ," ಎಂದಳು ಗೈಡ್. ಹೋದೆ. ಬಾವುಟದ ಹಿಂದೆ, ಸಾಲಿನಲ್ಲಿ!

ಮುಖ್ಯದ್ವಾರದ ನೆರಳಲ್ಲಿ ನನ್ನ ಸಂಸಾರ ಆರಾಮವಾಗಿ ಕೂತಿತ್ತು. ಅತ್ತೆಗೆ ಆ ಗೈಡ್ ಹುಡುಗಿ ಎಲ್ಲಿಂದಲೋ ಕುರ್ಚಿ ತರಿಸಿಕೊಟ್ಟಿದ್ದಳಂತೆ. ಮಗಳ ತಲೆಯ ಮೇಲೆ ಹಳದಿ ಟೋಪಿ. ಹೆಂಡತಿ ಅಂಗೈ ಚಾಚಿದಳು. ಹಿಡಿಯನ್ನು ತೆಗೆದು ಅದರ ಮೇಲಿಟ್ಟೆ. ಮನೆಯಲ್ಲೂ ಎರಡು ಸಲ ಹೀಗೇ ಆಗಿತ್ತು. ಆ ಕಥೆ ಇಲ್ಲಿ ಬೇಡ.

ಮಾರನೆಯ ಬೆಳಿಗ್ಗೆ ಹೆಂಡತಿಯೊಂದಿಗೆ ಟೂರ್ ಆಫೀಸಿನಲ್ಲಿ ಕೂತೆ. ಕೌಂಟರಿನ ಹೆಂಗಸು, ಹೆಂಡತಿ ತುಂಬಿಕೊಟ್ಟ ಅರ್ಜಿಯನ್ನು ಓದಿ ಒಂದು ಕಡೆ ತಡೆದಳು.

"ಸರ್, ನಾಲ್ಕು ಸೀಟು ಸರಿ. ಆದ್ರೆ 'ವಿಶೇಷ ಅಗತ್ಯ' ಅನ್ನೋ ಜಾಗದಲ್ಲಿ ನಿಮ್ಮ ಹೆಸರಿನ ಮುಂದೆ 'ಒಂಟಿಯಾಗಿ ಬಿಡಬಾರದು' ಅಂತ ಬರೆದಿದ್ದಾರೆ. ಅದಕ್ಕೆ ಬೇರೆ ಸಹಾಯಕರನ್ನ ಹಾಕಬೇಕಾಗುತ್ತೆ. ಚಾರ್ಜ್ ಬೇರೆ."

"ಏನ್ರೀ ಇದು ಅನ್ಯಾಯ!" ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಇಷ್ಟು ದುಡ್ಡು ಕೊಟ್ಟಮೇಲೂ ಇನ್ನೊಬ್ಬನಾ? ಒಬ್ಬ ಗೈಡ್ ಸಾಲಲ್ವಾ?"

"ಸಾಲುತ್ತೆ ಸರ್," ಎಂದಳು ಆಕೆ ನಗುತ್ತಾ. "ಉಳಿದ ಮೂವತ್ತೊಂಬತ್ತು ಜನಕ್ಕೆ."

ಹೆಂಡತಿಯ ಕಡೆ ನೋಡಿದೆ. ಅವಳು ಗೋಡೆಗೆ ಅಂಟಿಸಿದ್ದ ಸಮುದ್ರವನ್ನು ನೋಡುತ್ತಿದ್ದಳು, ಅಲೆ ಬಂದು ಒದ್ದೆಯಾದೀತೇನೋ ಎಂಬಂತೆ ಚಪ್ಪಲಿಯನ್ನು ಅರ್ಧ ಕಳಚಿಕೊಂಡು.

ಕೂತೆ. ಸಹಿ ಎಲ್ಲಿ ಹಾಕಬೇಕೆಂದು ಕೇಳಿದೆ. ಅದನ್ನೂ ಕೌಂಟರಿನಾಕೆಯೇ ಬೆರಳಿಟ್ಟು ತೋರಿಸಬೇಕಾಯಿತು.