ಬಿಳಿ ಬಟ್ಟೆಯ ಮೇಲೆ ವಡಾಂ

ಹತ್ತಿ ಅಂಡಿಗೆ ಹೇರಿಕೊಂಡು ಬೈಲಹೊಂಗಲದಿಂದ ಕೊಯಮತ್ತೂರಿನವರೆಗೆ ಲಾರಿ ಹೊಡೆದ ಗಂಡಸಿಗೆ ಅಕ್ಕಿಹಿಟ್ಟು ಯಾವ ಲೆಕ್ಕ! ಹೀಗೆಂದು ಸಾರಿ ರಹಿಮಾನಸಾಬರು ಲುಂಗಿ ಮೇಲೆ ಕಟ್ಟಿ ಒಲೆಯ ಮುಂದೆ ಕುಳಿತಾಗ ಅವರ ಗತ್ತು ನೋಡಬೇಕಿತ್ತು.

ಗತ್ತಿನ ಒಳಗಿದ್ದದ್ದು ಬರೀ ಹೆದರಿಕೆ. ಎರಡು ಸಾವಿರದ ಆರರ ಆ ಬೇಸಿಗೆಯಲ್ಲಿ ಚಿಕೂನ್‌ಗುನ್ಯಾ ಬಂದು ಊರಿಗೆ ಊರೇ ಕುಂಟಿತ್ತು. ಊರವರೆಲ್ಲ ಎದ್ದು ಓಡಾಡಿದರೂ ಅವರ ಹೆಂಡತಿ ಕಾಶಿಂಬಿ ಮಾತ್ರ ಏಳಲಿಲ್ಲ. ಕೀಲು ಬಿಗಿದಿದ್ದವು, ಬಾಯಿ ಕಹಿಯಾಗಿತ್ತು. ರೊಟ್ಟಿ ಬೇಡ, ಗಂಜಿ ಬೇಡ, ಕೊನೆಗೆ ಗಂಡನೊಡನೆ ಜಗಳವೂ ಬೇಡ! ಜಗಳವಿಲ್ಲದ ಮನೆಯಲ್ಲಿ ರಹಿಮಾನಸಾಬರಿಗೆ ಅನ್ನವೇ ಇಳಿಯುತ್ತಿರಲಿಲ್ಲ.

"ಕೊಯಮತ್ತೂರ ಖಾನಾವಳಿಯೊಳಗ ವಡಾಂ ಅಂತ ಕೊಡತಾರ. ಅಕ್ಕಿಹಿಟ್ಟ ಕುದಿಸಿ, ಬಿಸಲಿಗಿ ಒಣಗಿಸಿ, ಎಣ್ಣ್ಯಾಗ ಕರಿಯೂದು. ಕೆಟ್ಟ ಬಾಯಿಗಿ ಅದರಂಥಾ ಔಷಧ ಇಲ್ಲ. ನಾ ಮಾಡತೇನಿ, ನೀ ತಿನ್ನು!"

ಕಾಶಿಂಬಿ ಗೋಡೆಯ ಕಡೆ ಹೊರಳಿದಳು. "ನಮ್ಮ ಸಂಡಿಗೀನ ಅದು. ಸುಮ್ನ ಯಾಕ ತ್ರಾಸ ತಗೋತೀರಿ? ನನ್ನ ದಿನಾ ಮುಗದಾವ ಬಿಡ್ರಿ."

"ಏ, ಹಂಗ ಅನಬ್ಯಾಡ!"

ಮೊದಲ ಪಾತ್ರೆಯ ಹಿಟ್ಟು ಗಂಟಾಯಿತು. ಎರಡನೆಯದು ತಳ ಹತ್ತಿತು. ಹೊಗೆ ಕಂಡು ಪಕ್ಕದ ಮನೆಯ ಚನ್ನವ್ವ ಓಡಿಬಂದಳು.

"ಸಾಬರ, ಏನ ಸುಡಾಕ ಹತ್ತೀರಿ?"

"ಅಡಗಿ ಮಾಡಾಕ ಹತ್ತೇನಿ!"

"ಹೌದಾ? ನಾ ಟೈರ ಅಂದ್ಕೊಂಡಿದ್ದೆ."

ಚನ್ನವ್ವ ಹಿಟ್ಟು ತಿರುವಿಕೊಟ್ಟು, ಸ್ವಚ್ಛ ಬಿಳಿ ಅರಿವಿ ಮೇಲೆ ಹಾಕಿರೆಂದು ಹೇಳಿ ಹೋದಳು. ಮನೆಯ ಬಟ್ಟೆಗಳಿಗೆಲ್ಲ ಗ್ರೀಸಿನ ಕಲೆ. ಹುಡುಕಿ ಹುಡುಕಿ ಕೊನೆಗೆ ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಹೊಲಿಗೆ ಕಾಣದ ಹೊಸ ಬಟ್ಟೆಯೊಂದು ಸಿಕ್ಕಿತು. ಬೆಳ್ಳಗೆ, ಬೇಕಾದಷ್ಟು ಉದ್ದ! ಇಂಥ ಮಾಲು ಮುಚ್ಚಿಟ್ಟಿದ್ದಾಳಲ್ಲ ಎಂದು ಹಿಗ್ಗಿ, ಅದನ್ನು ಮಾಳಿಗೆಯ ಮೇಲೆ ಹಾಸಿ, ಸೌಟಿನಿಂದ ವಡಾಂ ಹೊಯ್ದರು. ಒಂದೂ ದುಂಡಗಿರಲಿಲ್ಲ.

ಬಿಸಿಲು ತಿಂದ ವಡಾಂ ಬಟ್ಟೆಯನ್ನು ಬಿಡಲೊಲ್ಲವು! ಬಟ್ಟೆಯ ಬೆನ್ನಿಗೆ ನೀರು ಚಿಮುಕಿಸಬೇಕೆಂಬ ಗುಟ್ಟನ್ನು ಕೊಯಮತ್ತೂರಿನ ಖಾನಾವಳಿಯವನು ಊಟ ಬಡಿಸುವಾಗ ಹೇಳಿರಲಿಲ್ಲ. ರಹಿಮಾನಸಾಬರು ಲಾರಿಯ ತಾಡಪತ್ರಿ ಎಳೆದು ಪಳಗಿದ ಕೈಯಿಂದ ಜಗ್ಗಿದರು. ಪರ್ರ್! ಬಟ್ಟೆ ನಡುವೆ ಹರಿಯಿತು, ವಡಾಂ ಮಾತ್ರ ಅಲ್ಲೇ ಇದ್ದವು. ಬೇರೆ ದಾರಿ ಕಾಣದೆ ಬಟ್ಟೆಯ ಸಮೇತ ಹೆಂಡತಿಯ ಹಾಸಿಗೆಯ ಬಳಿಗೆ ಬಂದರು.

"ಇವನ್ನ ಹೆಂಗ ಬಿಡಸೂದು, ಕಾಶಿಂಬಿ?"

ಕಾಶಿಂಬಿ ತಟ್ಟನೆ ಎದ್ದು ಕುಳಿತಳು.

"ಯಾ ಅಲ್ಲಾ! ಇದು ನನ್ನ ಕಫನ್! ನಮ್ಮಣ್ಣ ಹಜ್‌ಗೆ ಹ್ವಾದಾಗ ಮಕ್ಕಾದ ಝಮ್‌ಝಮ್ ನೀರಾಗ ಅದ್ದಿ ತಂದಿದ್ದ. ನನ್ನ ಮಣ್ಣ ಮಾಡೂ ದಿನಾ ಹೊದಸಲಿ ಅಂತ ಇಟ್ಟಿದ್ದೆ!"

ರಹಿಮಾನಸಾಬರು ಬಟ್ಟೆಯನ್ನು ಹಾಸಿಗೆಯ ಮೇಲಿಟ್ಟರು. ದಿನವೂ ಅದೇ ಟ್ರಂಕಿನಿಂದ ಅವರು ಲುಂಗಿ ತೆಗೆದುಕೊಳ್ಳುತ್ತಿದ್ದರು. ಆ ಲುಂಗಿಗಳ ಕೆಳಗೇ ಹೆಂಡತಿ ಹೊರಡುವ ತಯಾರಿ ಮಾಡಿಟ್ಟಿದ್ದಳು. ಲಾರಿಯ ಸಾಬರು ಮೀಸೆ ಒದ್ದೆಯಾಗುವಂತೆ ಅತ್ತರು.

"ನನಗ ಒಂದ ಮಾತ ಹೇಳದ ಹೊಂಟಿದ್ದೇನ?"

"ಅಳೂದು ಆಮ್ಯಾಲ. ಮೊದಲ ನೀರ ತರ್ರಿ! ಹಿಂಗ ಜಗ್ಗತಾರೇನ ಯಾರರ?"

ಬಾತ ಬೆರಳುಗಳಿಂದ ನೀರು ಚಿಮುಕಿಸಿ ಒಂದೊಂದನ್ನೇ ಬಿಡಿಸಿದಳು. ಬೈಯುತ್ತ ಬಿಡಿಸಿದಳು. ಬೈಯುತ್ತಲೇ ಗೋಡೆ ಹಿಡಿದು ಒಲೆಯವರೆಗೆ ನಡೆದು ಕರಿದಳು. ಒಂದನ್ನು ಮುರಿದು ಬಾಯಿಗಿಟ್ಟಳು.

"ಉಪ್ಪ ಜಾಸ್ತಿ," ಎಂದಳು. ಎಂದು ಇನ್ನೊಂದನ್ನು ತೆಗೆದುಕೊಂಡಳು. ಎಷ್ಟೋ ದಿನದ ಮೇಲೆ ಆ ನಾಲಿಗೆಗೆ ಉಪ್ಪು ತಿಳಿದಿತ್ತು.

"ಮತ್ತ... ಹರದ ಅರಿವಿ?" ಸಾಬರು ಅಂಜುತ್ತ ಕೇಳಿದರು.

"ಅದರಾಗ ಇನ್ನ ಹೆಣಾ ಸುತ್ತಾಕ ಬರತೈತೇನು? ನಮ್ಮಣ್ಣ ಇನ್ನೊಮ್ಮಿ ಹಜ್‌ಗೆ ಹೋಗಿ ಬರೂತನಕಾ ನಾ ಇರಬೇಕಾತು. ಒಂದ ಕೆಲಸ ನೆಟ್ಟಗ ಮಾಡಾಕ ಬರೂದಿಲ್ಲ ನಿಮಗ. ನನ್ನ ಸಮಾಧಾನಲೆ ಸಾಯಾಕೂ ಬಿಡಲಿಲ್ಲ!"